ಸುಡದ ಕಲ್ಲು

ವೈನ್ ಮಾಡುವವರಿಗೆ ಬಳ್ಳಿಯ ಮೇಲೆ ಬಿಸಿಲು ಬೇಕು, ಪೀಪಾಯಿಯ ಮೇಲೆ ಬೇಡ. ಹಣ್ಣಿಗೆ ಸಿಹಿ ಬರುವುದು ಬಿಸಿಲಿನಿಂದಲೇ. ಆದರೆ ಅದೇ ಹಣ್ಣಿನ ರಸ ಹುದುಗಿ, ತಿಂಗಳುಗಟ್ಟಲೆ ಮಾಗುವಾಗ ಸುತ್ತಲಿನ ಗಾಳಿ 12ರಿಂದ 16 ಡಿಗ್ರಿ ಸೆಲ್ಸಿಯಸ್ ಒಳಗೆ ಇರಬೇಕು, ಹಗಲು ರಾತ್ರಿ ಏರಿಳಿಯಬಾರದು. ಹೀಗಾಗಿ ವೈನ್ ತೋಟದ ಕಟ್ಟಡದ ಮೊದಲ ಕೆಲಸ ಬಿಸಿಲನ್ನು ಹೊರಗಿಡುವುದು. ವಿದ್ಯುತ್ತಿನಿಂದ ತಂಪು ಮಾಡುವ ಯಂತ್ರ ಬಂದು ನೂರು ವರ್ಷ ಚಿಲ್ಲರೆ. ಅದಕ್ಕಿಂತ ಹಿಂದಿನ ಅಷ್ಟೂ ಶತಮಾನ ಈ ಕೆಲಸ ಮಾಡಿದ್ದು ಕಲ್ಲು, ಮಣ್ಣು, ಆಳ ಮತ್ತು ನೆರಳು. ಇವತ್ತು ಪರಿಸರಸ್ನೇಹಿ ವಾಸ್ತುಶಿಲ್ಪದ ಹೆಸರಿನಲ್ಲಿ ವೈನ್ ತೋಟಗಳು ಮತ್ತೆ ಮೊರೆ ಹೋಗುತ್ತಿರುವುದು ಈ ನಾಲ್ಕಕ್ಕೇ.

ಫ್ರಾನ್ಸಿನ ಶಾಂಪೇನ್ ಸೀಮೆಯ ರೀಮ್ಸ್ ಪಟ್ಟಣದ ಕೆಳಗೆ ಸುಣ್ಣಕಲ್ಲಿನ ಹಳೆಯ ಗಣಿಗಳಿವೆ. ಊರು ಕಟ್ಟಲೆಂದು ಹಿಂದಿನವರು ಕಲ್ಲು ತೆಗೆದು ಬಿಟ್ಟುಹೋದ ಗುಂಡಿಗಳು ಅವು. ಕೆಲವು 30 ಮೀಟರಿಗೂ ಹೆಚ್ಚು ಆಳ. 18ನೇ ಶತಮಾನದಿಂದೀಚೆಗೆ ಶಾಂಪೇನ್ ತಯಾರಕರು ಒಬ್ಬೊಬ್ಬರಾಗಿ ಅವುಗಳೊಳಗೆ ತಮ್ಮ ಬಾಟಲಿಗಳನ್ನು ಇಳಿಸಿದರು. ಮೇಲೆ ಹಿಮ ಬೀಳಲಿ, ಬೇಸಿಗೆ ಸುಡಲಿ, ಒಳಗೆ ವರ್ಷವಿಡೀ 10ರಿಂದ 12 ಡಿಗ್ರಿ. 2015ರಲ್ಲಿ ಯುನೆಸ್ಕೊ ಈ ನೆಲಮಾಳಿಗೆಗಳನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಬೋರ್ಡೋ ಬಳಿಯ ಸೇಂಟ್ ಎಮಿಲಿಯೋನ್‌ನಲ್ಲೂ ಇದೇ ಕಥೆ: ಸುಣ್ಣಕಲ್ಲಿನ ಗಣಿ ಖಾಲಿಯಾಯಿತು, ವೈನ್ ಒಳಗೆ ಬಂತು. ಮನುಷ್ಯ ಅಗೆದು ಕೈಬಿಟ್ಟ ಗುಂಡಿಯೊಂದು ಮುಂದಿನವರಿಗೆ ಇಷ್ಟು ದೊಡ್ಡ ಆಸ್ತಿಯಾದ ಉದಾಹರಣೆ ಹೆಚ್ಚಿಲ್ಲ.

ಸುಣ್ಣಕಲ್ಲು, ಗಣಿ, ಕೈಬಿಟ್ಟ ಗುಂಡಿ ಎಂದ ಕೂಡಲೇ ನಮ್ಮ ಕಲಬುರಗಿ ಜಿಲ್ಲೆಯವರ ಕಣ್ಣೆದುರು ನಿಲ್ಲುವುದು ರಾವೂರ. ಚಿತ್ತಾಪುರ ತಾಲ್ಲೂಕಿನಲ್ಲಿ, ವಾಡಿಗೆ ಹತ್ತಿರದ ಊರು. ವೈನಿನ ಊರಲ್ಲ, ತೊಗರಿ ಜೋಳದ ಊರು. ಹೊಲದ ಕರಿಮಣ್ಣನ್ನು ಸ್ವಲ್ಪ ಸರಿಸಿದರೆ ಕೆಳಗೆ ಕಲ್ಲು ಹಾಸುಹಾಸಾಗಿ ಮಲಗಿದೆ. ಭೂವಿಜ್ಞಾನಿಗಳು ಭೀಮಾ ಶಿಲಾಸಮೂಹ ಎಂದು ಕರೆಯುವ ಈ ಕಲ್ಲು, ನೆಲದ ಮೇಲೆ ಮರ ಗಿಡ ಪ್ರಾಣಿ ಯಾವುದೂ ಇಲ್ಲದ ಕಾಲದಲ್ಲಿ, ಆಳವಿಲ್ಲದ ಸಮುದ್ರದ ತಳದಲ್ಲಿ ಪದರಪದರವಾಗಿ ಕೂತದ್ದು. ಆಮೇಲೆ ಹೆಚ್ಚು ಮಡಿಚಿಕೊಳ್ಳದೆ, ಬಹುಮಟ್ಟಿಗೆ ಮಟ್ಟಸವಾಗಿಯೇ ಉಳಿಯಿತು. ಹಾರೆ, ಸುತ್ತಿಗೆ, ಬೆಣೆ ಇದ್ದರೆ ಪದರ ತಾನಾಗಿಯೇ ಬಿಡಿಸಿಕೊಳ್ಳುತ್ತದೆ. ಬೂದು, ನೀಲಿಬೂದು, ತಿಳಿಹಳದಿ ಬಣ್ಣದ ಈ ಹಾಸುಗಲ್ಲು, ಅಂದರೆ ಫರ್ಸಿ, ಶಹಾಬಾದ್ ಕಲ್ಲು ಎಂಬ ಹೆಸರಿನಲ್ಲಿ ಮುಂಬೈ, ಪುಣೆ, ಹೈದರಾಬಾದಿನ ಮನೆ ಅಂಗಳಗಳಿಗೆ, ಶಾಲೆಗಳಿಗೆ, ರೈಲು ನಿಲ್ದಾಣಗಳಿಗೆ ಹೋಯಿತು. ನಿಜಾಮರ ಕಾಲದಲ್ಲಿ, 1874ರಲ್ಲಿ, ವಾಡಿಯಿಂದ ಸಿಕಂದರಾಬಾದಿಗೆ ರೈಲು ಹಳಿ ಬಿದ್ದದ್ದು ಈ ಕಲ್ಲಿಗೂ ದೊಡ್ಡ ದಾರಿ ತೆರೆಯಿತು.

ಈ ಕಲ್ಲಿನ ಬಾಳಿಕೆ ಎಷ್ಟು ಎಂದು ಕೇಳುವವರಿಗೆ ಇದೇ ತಾಲ್ಲೂಕಿನಲ್ಲಿ ಉತ್ತರವಿದೆ. ಸನ್ನತಿಯ ಪಕ್ಕದ ಕನಗನಹಳ್ಳಿಯಲ್ಲಿ, ಭೀಮೆಯ ದಂಡೆಯ ಮೇಲೆ, 1990ರ ದಶಕದಲ್ಲಿ ಭಾರತೀಯ ಪುರಾತತ್ವ ಇಲಾಖೆ ಅಗೆದು ತೆಗೆದ ಬೌದ್ಧ ಸ್ತೂಪದ ಫಲಕಗಳು ಸ್ಥಳೀಯ ಸುಣ್ಣಕಲ್ಲಿನವು. ಅಶೋಕನ ಹೆಸರನ್ನು ಕೆತ್ತಿದ, ರಾಣಿಯ ಜೊತೆ ಅವನು ನಿಂತ ಫಲಕ ಸಿಕ್ಕಿದ್ದು ಅಲ್ಲಿಯೇ. ಸುಮಾರು ಎರಡು ಸಾವಿರ ವರ್ಷದ ಮೇಲೂ ಉಡುಗೆಯ ನೆರಿಗೆ, ಮುಖದ ಗೆರೆ ಉಳಿದಿವೆ. ಕಾಗಿಣಾ ನದಿಯ ದಂಡೆಗೆ ಹೋದರೆ ರಾಷ್ಟ್ರಕೂಟರ ರಾಜಧಾನಿಯಾಗಿದ್ದ ಮಳಖೇಡದ ಕೋಟೆ, ಅದೂ ಈ ಸೀಮೆಯ ಕಲ್ಲಿನದೇ.

ಹಾಗಿದ್ದರೆ ರಾವೂರಿನ ಗಣಿಗುಂಡಿಯಲ್ಲೂ ರೀಮ್ಸ್‌ನಂತೆ ವೈನ್ ಮಾಗಿಸಬಹುದೇ? ನೇರ ಉತ್ತರ, ಇಲ್ಲ. ಆ ಉತ್ತರದ ಹಿಂದಿನ ಲೆಕ್ಕ ಗೊತ್ತಾದರೆ ಪರಿಸರಸ್ನೇಹಿ ಕಟ್ಟಡದ ಅರ್ಧ ಪಾಠ ಕಲಿತಂತೆ. ನೆಲದ ಮೇಲ್ಮೈಯಿಂದ ಕೆಲವು ಮೀಟರ್ ಕೆಳಗೆ ಇಳಿದರೆ ಋತುಗಳ ಏರಿಳಿತ ಹೆಚ್ಚು ಕಡಿಮೆ ನಿಂತುಹೋಗುತ್ತದೆ. ಅಲ್ಲಿ ಉಳಿಯುವುದು ಆ ಊರಿನ ಇಡೀ ವರ್ಷದ ಸರಾಸರಿ ಉಷ್ಣಾಂಶ. ರೀಮ್ಸ್‌ನ ಸರಾಸರಿ 10-11 ಡಿಗ್ರಿ, ಅದಕ್ಕೇ ಅದರ ನೆಲಮಾಳಿಗೆ ಅಷ್ಟು ತಂಪು. ಕಲಬುರಗಿಯ ಸರಾಸರಿ 27ರ ಆಸುಪಾಸು. ಎಷ್ಟು ಆಳಕ್ಕೆ ಅಗೆದರೂ ನಮ್ಮ ನೆಲ 27ರ ಆಸುಪಾಸಿಗಿಂತ ತಂಪಾಗುವುದಿಲ್ಲ. ಫ್ರಾನ್ಸಿನ ನಕ್ಷೆ ತಂದು ಇಲ್ಲಿ ಕಟ್ಟಿದರೆ ನೆಲಮಾಳಿಗೆ ಚಂದ ಕಾಣಬಹುದು, ವೈನ್ ಕೆಡುತ್ತದೆ.

ಹಾಗೆಂದು ನೆಲ ಅಗೆಯುವುದು ವ್ಯರ್ಥವೂ ಅಲ್ಲ. ಮೇ ತಿಂಗಳ ಮಧ್ಯಾಹ್ನ ಹೊರಗೆ 42 ಡಿಗ್ರಿ, ಒಳಗೆ 15 ಬೇಕು ಎನ್ನಿ. ತಗಡಿನ ಶೆಡ್ಡಿನಲ್ಲಿ ತಂಪು ಯಂತ್ರ 27 ಡಿಗ್ರಿಯ ಅಂತರದ ಜೊತೆ ಗುದ್ದಾಡಬೇಕು. ತಗಡು ಬಿಸಿಲಿಗೆ ಕಾದು ಗಾಳಿಗಿಂತಲೂ ಬಿಸಿಯಾಗುವುದರಿಂದ ನಿಜಕ್ಕೂ ಅದಕ್ಕಿಂತ ಹೆಚ್ಚು. ಅದೇ ಕೋಣೆ ನೆಲದೊಳಗಿದ್ದರೆ ಸುತ್ತಲಿನ ಮಣ್ಣು 27ರಲ್ಲಿ ಇರುತ್ತದೆ, ಅಂತರ 12ಕ್ಕೆ ಇಳಿಯುತ್ತದೆ. ಗೋಡೆಯ ಮೂಲಕ ಒಳನುಗ್ಗುವ ಶಾಖ ಈ ಅಂತರಕ್ಕೆ ಅನುಗುಣ. ಅಲ್ಲಿಗೆ ಯಂತ್ರದ ಮೇಲಿನ ಆ ಹೊರೆ ಅರ್ಧಕ್ಕಿಂತ ಕೆಳಗೆ ಬಂತು. ಉಳಿದದ್ದಕ್ಕೆ ಯಂತ್ರ ಬೇಕು, ಅದನ್ನು ಒಪ್ಪಿಕೊಳ್ಳಬೇಕು. ಯಂತ್ರವೇ ಬೇಡ ಎನ್ನುವುದು ನಮ್ಮ ಹವೆಯಲ್ಲಿ ಹುಸಿ ಭರವಸೆಯಾಗುತ್ತದೆ. ಆ ಹೊರೆಯನ್ನು ಸಣ್ಣದು ಮಾಡಿದ ಮೇಲಷ್ಟೇ ಮಾಳಿಗೆಯ ಮೇಲಿನ ಸೌರಫಲಕಕ್ಕೆ ಅರ್ಥ ಬರುತ್ತದೆ. ಗಾಜಿನ ಗೋಡೆ ಎಬ್ಬಿಸಿ, ಒಳಗೆಲ್ಲ ಏಸಿ ಹಾಕಿ, ಮೇಲೆ ನಾಲ್ಕು ಫಲಕ ಕೂರಿಸಿ ಹಸಿರು ಕಟ್ಟಡ ಎಂದು ಫಲಕ ಬರೆಸುವವರು ಈ ಅನುಕ್ರಮವನ್ನೇ ತಲೆಕೆಳಗು ಮಾಡುತ್ತಾರೆ.

ನೆಲದೊಳಗೆ ದವಸ ಇಡುವ ವಿದ್ಯೆ ನಮ್ಮ ಸೀಮೆಗೆ ಹೊಸದಲ್ಲ. ಹಗೇವು ಅದೇ. ಬಾಯಿ ಕಿರಿದು, ಹೊಟ್ಟೆ ಅಗಲ, ಒಳಗೆ ಹುಲ್ಲಿನ ಹಾಸು. ಬರಗಾಲಕ್ಕೆಂದು ಜೋಳವನ್ನು ವರ್ಷಗಟ್ಟಲೆ ಅದರಲ್ಲಿ ಇಡುತ್ತಿದ್ದರು. ಹಗೇವು ತೆರೆದ ಕೂಡಲೇ ಯಾರೂ ಇಳಿಯುತ್ತಿರಲಿಲ್ಲ. ದೀಪ ಇಳಿಬಿಟ್ಟು, ಅದು ಉರಿದರೆ ಮಾತ್ರ ಇಳಿಯುವುದು. ಕಾಳು ಉಸಿರಾಡಿ ಬಿಟ್ಟ ಇಂಗಾಲದ ಡೈಆಕ್ಸೈಡ್ ಗಾಳಿಗಿಂತ ಭಾರ, ತಳದಲ್ಲಿ ತುಂಬಿ ಇಳಿದವರ ಜೀವ ತೆಗೆಯುತ್ತದೆ. ವೈನ್ ಹುದುಗುವಾಗಲೂ ಹೊಮ್ಮುವುದು ಅದೇ ಅನಿಲ, ಬಹಳ ಹೆಚ್ಚಿನ ಪ್ರಮಾಣದಲ್ಲಿ. ನೆಲಮಾಳಿಗೆ ಕಟ್ಟುವವರು ತಳದಿಂದ ಗಾಳಿ ಎಳೆದು ಹೊರಹಾಕುವ ದಾರಿಯನ್ನು ಮೊದಲು ಯೋಚಿಸಬೇಕು, ಗೋಡೆಯ ಅಂದವನ್ನು ಆಮೇಲೆ.

ನೆಲದ ಮೇಲೆ ಕಟ್ಟುವುದಾದರೆ ದಪ್ಪ ಗೋಡೆ. ರಾವೂರ, ಶಹಾಬಾದ್, ಸೇಡಂ ಕಡೆಯ ಹಳೆಯ ಮನೆಗಳ ಗೋಡೆ ಒಂದೂವರೆ ಎರಡು ಅಡಿ ದಪ್ಪ. ಚಪ್ಪಟೆ ಕಲ್ಲಿನ ತುಂಡುಗಳನ್ನು ಮಣ್ಣಿನಲ್ಲಿ ಒಂದರ ಮೇಲೊಂದು ಕೂರಿಸಿ, ತೊಲೆ ಜಂತಿಗಳ ಮೇಲೆ ಹಾಸುಗಲ್ಲು ಹರಡಿ, ಅದರ ಮೇಲೆ ಮಣ್ಣು ಬಡಿದ ಮಾಳಿಗೆ. ನಡುವೆ ಒಂದು ಬೆಳಕಿಂಡಿ. ಕಲ್ಲು ಶಾಖವನ್ನು ತಡೆಯುವುದಿಲ್ಲ, ಹೀರಿ ಇಟ್ಟುಕೊಂಡು ತಡವಾಗಿ ಬಿಡುತ್ತದೆ. 45 ಸೆಂಟಿಮೀಟರ್ ದಪ್ಪದ ಸುಣ್ಣಕಲ್ಲಿನ ಗೋಡೆಯಲ್ಲಿ ಹೊರಗಿನ ಬಿಸಿ ಒಳಮುಖಕ್ಕೆ ತಲುಪಲು ಸುಮಾರು 10 ತಾಸು ಬೇಕು ಎಂದು ಶಾಖದ ಲೆಕ್ಕ ಹೇಳುತ್ತದೆ. ಹಗಲು ರಾತ್ರಿಯ ಏರಿಳಿತ ಒಳಗೆ ಬರುವ ಹೊತ್ತಿಗೆ ಹತ್ತರಲ್ಲಿ ಒಂದು ಪಾಲಿಗಿಂತ ಕಡಿಮೆ. ಮಧ್ಯಾಹ್ನ ಎರಡರ ಬಿಸಿಲು ಮಧ್ಯರಾತ್ರಿಗೆ ಒಳಗೆ ಹಣಕುತ್ತದೆ; ಆ ಹೊತ್ತಿಗೆ ಕಿಟಕಿ ತೆರೆದಿದ್ದರೆ ರಾತ್ರಿಯ ಗಾಳಿ ಅದನ್ನು ಹೊತ್ತೊಯ್ಯುತ್ತದೆ. ಒಂಬತ್ತು ಇಂಚಿನ ಇಟ್ಟಿಗೆ ಗೋಡೆಗೂ ಮೇಲಿನ ಆರ್‌ಸಿಸಿ ಸ್ಲ್ಯಾಬಿಗೂ ಈ ತಾಳ್ಮೆಯಿಲ್ಲ. ಸ್ಲ್ಯಾಬು ಸಂಜೆಯಿಂದಲೇ ಒಳಗೆ ಶಾಖ ಸುರಿಯಲು ತೊಡಗುತ್ತದೆ, ಅದರಡಿ ಮಲಗಿದವರು ಅಂಗಳಕ್ಕೆ ಹಾಸಿಗೆ ಎತ್ತಿಕೊಂಡು ಬರುತ್ತಾರೆ.

ಇನ್ನು ಈ ಕಲ್ಲಿನ ಎರಡನೇ ಬಾಳು. ರಾವೂರಿನಿಂದ ಯಾವ ದಿಕ್ಕಿಗೆ ನೋಡಿದರೂ ಸಿಮೆಂಟ್ ಕಾರ್ಖಾನೆಯ ಹೊಗೆಕೊಳವೆ ಬಹಳ ದೂರವಿಲ್ಲ. ವಾಡಿಯಲ್ಲಿ 1960ರ ದಶಕದ ಕೊನೆಯಿಂದ ಸಿಮೆಂಟ್ ತಯಾರಾಗುತ್ತಿದೆ, ಶಹಾಬಾದಿನಲ್ಲಿ ಅದಕ್ಕೂ ಮೊದಲೇ ಶುರುವಾಗಿತ್ತು. ಮಳಖೇಡ, ಸೇಡಂ, ಚಿತ್ತಾಪುರ, ಚಿಂಚೋಳಿ ಎಲ್ಲ ಕಡೆ ದೊಡ್ಡ ಕಾರ್ಖಾನೆಗಳಿವೆ. ಎಲ್ಲದರ ಮೂಲವೂ ಇದೇ ಸುಣ್ಣಕಲ್ಲು. ಫರ್ಸಿಯಾಗಿ ಬಿಡಿಸಿದರೆ ಈ ಕಲ್ಲಿಗೆ ಬೇಕಾಗುವುದು ತೋಳಿನ ಬಲ, ಗರಗಸ, ಪಾಲಿಶ್ ಯಂತ್ರ. ಸಿಮೆಂಟ್ ಆಗಬೇಕಾದರೆ ಅದನ್ನು ಪುಡಿ ಮಾಡಿ 1,450 ಡಿಗ್ರಿಯವರೆಗೆ ಸುಡಬೇಕು. ಸುಡುವ ಕಲ್ಲಿದ್ದಲ ಹೊಗೆ ಒಂದೆಡೆಯಾದರೆ, ಕಲ್ಲೊಳಗೇ ಸೆರೆಯಾಗಿರುವ ಅನಿಲ ಇನ್ನೊಂದೆಡೆ. ಶುದ್ಧ ಸುಣ್ಣಕಲ್ಲು 100 ಕಿಲೊ ಸುಟ್ಟರೆ 56 ಕಿಲೊ ಸುಣ್ಣ ಉಳಿಯುತ್ತದೆ, 44 ಕಿಲೊ ಇಂಗಾಲದ ಡೈಆಕ್ಸೈಡ್ ಆಗಿ ಆಕಾಶಕ್ಕೆ ಹೋಗುತ್ತದೆ. ಒಲೆಗೆ ಸೌರಶಕ್ತಿ ಕೊಟ್ಟರೂ ಈ 44 ಕಿಲೊ ತಪ್ಪುವುದಿಲ್ಲ. ಜಗತ್ತಿನ ಒಟ್ಟು ಇಂಗಾಲದ ಡೈಆಕ್ಸೈಡ್ ಹೊರಸೂಸುವಿಕೆಯಲ್ಲಿ ಶೇ 7-8ರಷ್ಟು ಸಿಮೆಂಟಿನದು ಎನ್ನುವ ಲೆಕ್ಕದ ಬೇರು ಇಲ್ಲಿದೆ.

ಸಿಮೆಂಟ್ ಬೇಡವೆಂದು ನಾನು ಹೇಳುತ್ತಿಲ್ಲ. ಸೇತುವೆಗೆ, ಅಣೆಕಟ್ಟಿಗೆ, ಅಡಿಪಾಯಕ್ಕೆ ಅದು ಬೇಕು. ಈ ಭಾಗದ ಸಾವಿರಾರು ಮನೆಗಳಲ್ಲಿ ಒಲೆ ಉರಿಯುವುದೂ ಆ ಕಾರ್ಖಾನೆಗಳಿಂದ. ಆದರೆ ಸುಡದೆಯೇ ಗೋಡೆಯಾಗಬಲ್ಲ ಕಲ್ಲು ಕಾಲಡಿ ಇರುವ ಊರಿನಲ್ಲಿ, ಅದೇ ಕಲ್ಲನ್ನು ಸುಟ್ಟು ಚೀಲಕ್ಕೆ ತುಂಬಿ ಬಂದದ್ದನ್ನು ಕೊಂಡು, ಬೇಸಿಗೆಯಲ್ಲಿ ಇರಲಾಗದ ಕೋಣೆ ಕಟ್ಟುವುದನ್ನು ಕಂಡರೆ ನೋವಾಗುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಅಮೂಲ್ಯ ರೆಡ್ಡಿಯವರು ಶುರು ಮಾಡಿದ ಆಸ್ತ್ರ ಕೇಂದ್ರ, ಅಲ್ಲಿ ಕೆ.ಎಸ್. ಜಗದೀಶ್ ಮತ್ತು ಸಂಗಡಿಗರು ಒತ್ತು ಮಣ್ಣಿನ ಇಟ್ಟಿಗೆಯ ಮೇಲೆ ನಡೆಸಿದ ಕೆಲಸ, ಕೇರಳದಲ್ಲಿ ಲಾರಿ ಬೇಕರ್ ಕಟ್ಟಿದ ಮನೆಗಳು ಹೇಳಿದ್ದೂ ಇಷ್ಟೇ: ಸುತ್ತ ಸಿಗುವುದರಿಂದ ಕಟ್ಟು, ಕಡಿಮೆ ಸುಡು. ರಾವೂರಿಗೆ ಮಣ್ಣಿನ ಇಟ್ಟಿಗೆ ಒತ್ತುವ ಶ್ರಮವೂ ಬೇಡ.

ಅಲ್ಲಿ ಕಲ್ಲಿಗಿಂತ ಹೆಚ್ಚಾಗಿ ಕಣ್ಣಿಗೆ ಬೀಳುವುದು ಕಲ್ಲಿನ ಕಸ. ಗಣಿಯಿಂದ ಎದ್ದ ಕಲ್ಲೆಲ್ಲ ಫರ್ಸಿಯಾಗುವುದಿಲ್ಲ. ಒಡೆದದ್ದು, ಬಿರುಕು ಬಿಟ್ಟದ್ದು, ಅಳತೆಗೆ ಬಾರದ್ದು ಗುಡ್ಡೆಗುಡ್ಡೆಯಾಗಿ ಹೊಲಗಳ ಮೇಲೆ, ದಾರಿಯ ಬದಿಗೆ ಬಿದ್ದಿರುತ್ತದೆ. ಈ ಗುಡ್ಡೆಗಳನ್ನು ನೋಡುವಾಗ ಅಮೆರಿಕದ ಕ್ಯಾಲಿಫೋರ್ನಿಯಾದ ನಾಪಾ ಕಣಿವೆಯ ಡೊಮಿನಸ್ ವೈನ್ ತೋಟವನ್ನು ನೆನೆಯಬೇಕು. 1990ರ ದಶಕದ ಕೊನೆಯಲ್ಲಿ ಸ್ವಿಟ್ಜರ್ಲೆಂಡಿನ ವಾಸ್ತುಶಿಲ್ಪಿಗಳಾದ ಹೆರ್ಜೋಗ್ ಮತ್ತು ಡಿ ಮ್ಯೂರಾನ್ ಅದನ್ನು ಕಟ್ಟಿದರು. ನೂರು ಮೀಟರಿಗೂ ಉದ್ದದ ಆ ಕಟ್ಟಡದ ಹೊರಗೋಡೆ ಕಬ್ಬಿಣದ ತಂತಿಯ ಪಂಜರಗಳಲ್ಲಿ ತುಂಬಿದ ಒರಟು ಕಲ್ಲು. ಗಾರೆ ಇಲ್ಲ, ಗಿಲಾವು ಇಲ್ಲ. ಹೊಳೆ ದಂಡೆ ಕೊಚ್ಚಿಹೋಗದಂತೆ ನಮ್ಮ ನೀರಾವರಿ ಇಲಾಖೆಯವರು ಇಡುವ ಅದೇ ಪಂಜರ. ಪೀಪಾಯಿ ಇಡುವಲ್ಲಿ ಕಲ್ಲು ಬಿಗಿಯಾಗಿ ತುಂಬಿದ್ದಾರೆ, ಬೆಳಕು ಬೇಕಾದಲ್ಲಿ ದೊಡ್ಡ ಕಲ್ಲು ಸಡಿಲವಾಗಿ. ಹಗಲಿನ ಬಿಸಿಯನ್ನು ಆ ಕಲ್ಲಿನ ರಾಶಿ ಹೊರಗೇ ಹಿಡಿದು, ರಾತ್ರಿಯ ತಂಪು ಗಾಳಿಗೆ ಒಪ್ಪಿಸುತ್ತದೆ. ಒಳಗಿನ ಚೌಕಟ್ಟು ಕಾಂಕ್ರೀಟ್ ಉಕ್ಕಿನದೇ. ಆದರೂ ಕಟ್ಟಡದ ಮೈ ಕಾಯುವುದು ಯಾರೂ ಕೆತ್ತದ, ಯಾರೂ ಸುಡದ ಕಲ್ಲು. ಜಗತ್ತಿನ ವಾಸ್ತುಶಿಲ್ಪ ವಿದ್ಯಾರ್ಥಿಗಳು ಓದುವ ಆ ಗೋಡೆಗೆ ಬೇಕಾದ ಸಾಮಾನು ರಾವೂರಿನಲ್ಲಿ ತಿಪ್ಪೆಯ ಹಾಗೆ ಬಿದ್ದಿದೆ.

ಕಲ್ಲಿನ ಮನೆ ಎಂದಾಗ ನಮ್ಮ ಜನ ಹಿಂಜರಿಯುವುದಕ್ಕೆ ಕಾರಣವಿದೆ, ಅದನ್ನು ಮುಚ್ಚಿಡುವುದು ಅಪರಾಧ. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಗಡಿಯಾಚೆಯ ಕಿಲ್ಲಾರಿಯಲ್ಲಿ ನೆಲ ನಡುಗಿದಾಗ ಸಾವಿರಾರು ಜನ ಸತ್ತದ್ದು ಇಂಥ ದಪ್ಪ ಗೋಡೆ, ಮಣ್ಣಿನ ಮಾಳಿಗೆಯ ಕೆಳಗೇ. ಆ ಭಯ ಕಲಬುರಗಿಯ ಹಳ್ಳಿಗಳಲ್ಲಿ ಇನ್ನೂ ಇದೆ. 2021ರಲ್ಲಿ ಚಿಂಚೋಳಿ ತಾಲ್ಲೂಕಿನ ಗಡಿಕೇಶ್ವರದಲ್ಲಿ ಭೂಮಿ ಮತ್ತೆ ಮತ್ತೆ ಕಂಪಿಸಿದಾಗ ಜನ ಮನೆ ಬಿಟ್ಟು ಹೊರಗೆ ಮಲಗಿದರು. ಕೊಂದದ್ದು ಕಲ್ಲು ಎನ್ನುವುದಕ್ಕಿಂತ ಕಟ್ಟಿದ ರೀತಿ ಎನ್ನಬೇಕು. ಒಳಮುಖ ಹೊರಮುಖ ಎರಡು ಪ್ರತ್ಯೇಕ ಗೋಡೆಗಳಾಗಿ ಎದ್ದು, ನಡುವೆ ಬರೀ ಚೂರು ಮಣ್ಣು ತುಂಬಿದ್ದರೆ ನಡುಕಕ್ಕೆ ಅವು ಬಿಚ್ಚಿಕೊಳ್ಳುತ್ತವೆ. ಎರಡೂ ಮುಖವನ್ನು ಹಿಡಿಯುವ ಉದ್ದ ಕಲ್ಲನ್ನು ಅಲ್ಲಲ್ಲಿ ಅಡ್ಡ ಹಾಕಬೇಕು, ಮೂಲೆಗಳನ್ನು ಹೆಣೆಯಬೇಕು, ಬಾಗಿಲು ಕಿಟಕಿಯ ಮೇಲ್ಮಟ್ಟದಲ್ಲಿ ಮನೆಯ ಸುತ್ತ ಕಬ್ಬಿಣ ಕಾಂಕ್ರೀಟಿನ ಪಟ್ಟಿ ಓಡಿಸಬೇಕು, ಮಾಳಿಗೆಯ ಮಣ್ಣಿನ ಭಾರ ಇಳಿಸಬೇಕು. ಸಿಮೆಂಟ್ ನಿಜವಾಗಿ ಬೇಕಾದದ್ದು ಆ ಪಟ್ಟಿಗೆ. ಪಂಜರದ ಗೋಡೆಯಾದರೂ ಎತ್ತರಕ್ಕೆ ತಕ್ಕ ಆಧಾರವಿಲ್ಲದೆ ನಿಲ್ಲಿಸಕೂಡದು. ಹಳೆಯ ಗೌಂಡಿಯ ಕೈಯೂ ಎಂಜಿನಿಯರ್ ಲೆಕ್ಕವೂ ಇಲ್ಲಿ ಜೊತೆಯಾಗಬೇಕು.

ಕರ್ನಾಟಕದಲ್ಲಿ ವೈನ್ ತೋಟಗಳು ಬಂದು ಬಹಳ ಕಾಲವಾಗಿಲ್ಲ. ನಂದಿ ಬೆಟ್ಟದ ತಪ್ಪಲಲ್ಲಿ, ದೊಡ್ಡಬಳ್ಳಾಪುರದ ಹತ್ತಿರ, ಗ್ರೋವರ್ ಕುಟುಂಬದ ವೈನ್ 1992ರಲ್ಲಿ ಹೊರಬಂತು. ರಾಜ್ಯ ಸರ್ಕಾರದ ವೈನ್ ನೀತಿ 2007ರದು. ನಂದಿ ಕಣಿವೆ, ಕೃಷ್ಣಾ ಕಣಿವೆ ಎಂದು ಪ್ರದೇಶಗಳನ್ನು ಗುರುತಿಸಿದರು. ವಿಜಯಪುರ, ಬಾಗಲಕೋಟೆಗಳ ದ್ರಾಕ್ಷಿ ಲೆಕ್ಕಕ್ಕೆ ಬಂದದ್ದು ಹೀಗೆ. ನಂದಿಯ ಕಡೆ ಎತ್ತರದ ತಂಪಿದೆ. ಕೃಷ್ಣಾ ಕಣಿವೆಯ ಹವೆ ನಮ್ಮದರ ಸೋದರ: ಹಣ್ಣು ಕೊಯ್ಲಿಗೆ ಬರುವುದು ಚಳಿಗಾಲದ ಕೊನೆಗೆ, ರಸ ಹುದುಗಿ ಮಾಗುವಷ್ಟರಲ್ಲಿ ಬೇಸಿಗೆ ತಲೆಯ ಮೇಲೆ. ಅಲ್ಲಿ ವೈನ್ ಕಟ್ಟಡ ಕಟ್ಟುವವರಿಗೆ ನಮ್ಮ ಕಲ್ಲು ಪಕ್ಕದ ಜಿಲ್ಲೆಯ ಸರಕು. ಇಳಿಜಾರಿನ ಮೇಲ್ತುದಿಯಲ್ಲಿ ಹಣ್ಣು ಇಳಿಸಿಕೊಂಡು, ರಸ ತನ್ನ ಭಾರದಿಂದಲೇ ಕೆಳಗಿನ ತೊಟ್ಟಿಗೆ, ಅಲ್ಲಿಂದ ಇನ್ನೂ ಕೆಳಗಿನ ಪೀಪಾಯಿಗೆ ಹರಿಯುವಂತೆ ಕಟ್ಟಡವನ್ನು ಮೆಟ್ಟಿಲುಮೆಟ್ಟಿಲಾಗಿ ಇಳಿಸುವ ವಿಧಾನವೂ ಇದೆ. ಪಂಪಿನ ವಿದ್ಯುತ್ ಉಳಿಯುತ್ತದೆ, ರಸಕ್ಕೂ ಪೆಟ್ಟು ಕಡಿಮೆ. ನೀರಿನ ಮಾತೂ ದೊಡ್ಡದು, ತೊಳೆಯುವುದಕ್ಕೇ ವೈನಿಗಿಂತ ಹಲವು ಪಟ್ಟು ನೀರು ಹೋಗುತ್ತದೆ. ಸಾವಿರ ಚದರ ಮೀಟರ್ ಮಾಳಿಗೆಯ ಮೇಲೆ ವರ್ಷಕ್ಕೆ 700 ಮಿಲಿಮೀಟರ್ ಮಳೆ ಬಿದ್ದರೆ 7 ಲಕ್ಷ ಲೀಟರ್. ಅದನ್ನು ಹಿಡಿಯುವ ತೊಟ್ಟಿಯೂ ಫರ್ಸಿಯದಾಗಬಹುದು.

ಆದರೂ ವಿಜಯಪುರದ ಬಯಲಲ್ಲಿ ನನಗೆ ಅತಿ ಹೆಚ್ಚು ಮೆಚ್ಚುಗೆಯಾಗುವ ಕಟ್ಟಡ ವೈನಿನದಲ್ಲ, ಒಣದ್ರಾಕ್ಷಿಯದು. ಉದ್ದನೆಯ ಶೆಡ್ಡು, ಮೇಲೆ ನೆರಳು, ಪಕ್ಕಗಳೆಲ್ಲ ತೆರೆದು, ಒಳಗೆ ಅಂತಸ್ತಿನ ಮೇಲೆ ಅಂತಸ್ತಾಗಿ ಬಲೆ ಬಿಗಿದ ಅಟ್ಟಣಿಗೆ. ಗೊಂಚಲು ಹರಡಿದರೆ ಬಯಲ ಗಾಳಿಯೇ ಎರಡು ಮೂರು ವಾರದಲ್ಲಿ ಒಣಗಿಸುತ್ತದೆ. ವಾಸ್ತುಶಿಲ್ಪಿಯ ಸಹಿಯಿಲ್ಲದ, ರೈತರೇ ನೋಡಿ ಕಲಿತು ಎಬ್ಬಿಸಿದ ಈ ಶೆಡ್ಡು ಗಾಳಿಯ ದಿಕ್ಕನ್ನು ಓದಿಕೊಂಡಿದೆ.

ರಾವೂರಿನ ಕಡೆಗೆ ಬೇಕಾಗಿರುವುದು ವೈನ್ ನೆಲಮಾಳಿಗೆಯಲ್ಲ, ತೊಗರಿಯ ಗೋದಾಮು. ಕಲಬುರಗಿ ತೊಗರಿಗೆ 2019ರಲ್ಲಿ ಭೌಗೋಳಿಕ ಗುರುತು ಸಿಕ್ಕಿತು. ಆ ತೊಗರಿ ಬೇಸಿಗೆ ಕಳೆಯುವುದು ಹೆಚ್ಚಾಗಿ ತಗಡಿನ ಕೆಳಗೆ. ಅಂಗನವಾಡಿಯ ಮಕ್ಕಳು ಕೂರುವುದೂ ಕಾದ ಸ್ಲ್ಯಾಬಿನ ಕೆಳಗೆ. ಪೀಪಾಯಿಗೆ ಬೇಡವಾದ ಬಿಸಿ ಮಕ್ಕಳ ತಲೆಯ ಮೇಲೆ ಇರಬಹುದು ಎಂದು ಯಾರು ತೀರ್ಮಾನಿಸಿದರು? ಕಲ್ಲಿನ ಕಸದಿಂದ ಎರಡಡಿ ಗೋಡೆ ಎಬ್ಬಿಸಿ, ಮೇಲೆ ನಡುವೆ ಗಾಳಿ ಹಾಯುವ ಎರಡು ಪದರದ ಚಾವಣಿ ಹಾಕಿ, ರಾತ್ರಿ ತೆರೆಯುವ ಕಿಟಕಿ ಇಟ್ಟರೆ ಗೋದಾಮಿಗೂ ಶಾಲೆಗೂ ಅದು ಸಾಕು.

ಕೆಲಸಗಾರರನ್ನು ಬಿಟ್ಟು ಈ ಮಾತು ಪೂರ್ತಿಯಾಗದು. ಒಣ ಕಲ್ಲು ಕೊಯ್ಯುವಾಗ ಏಳುವ ದೂಳು ಶ್ವಾಸಕೋಶಕ್ಕೆ ಇಳಿಯುತ್ತದೆ. ನೀರು ಹಾಯಿಸಿ ಕೊಯ್ದರೆ ದೂಳು ಕೂರುತ್ತದೆ, ಆದರೆ ಬಿಳಿ ರಾಡಿ ಹಳ್ಳ ಸೇರುತ್ತದೆ. ಆ ರಾಡಿಯನ್ನು ತೊಟ್ಟಿಯಲ್ಲಿ ಇಂಗಿಸಿ ಇಟ್ಟಿಗೆಗೆ ಬೆರೆಸಬಹುದು. ಸುಡದ ಸುಣ್ಣಕಲ್ಲಿನ ಪುಡಿಯನ್ನೂ ಸುಟ್ಟ ಜೇಡಿಯನ್ನೂ ಸೇರಿಸಿ, ಸುಣ್ಣಕಲ್ಲು ಸುಟ್ಟು ತೆಗೆದ ಸಿಮೆಂಟಿನ ಗಟ್ಟಿಯಾದ ಕ್ಲಿಂಕರನ್ನು ಅರ್ಧಕ್ಕೆ ಇಳಿಸುವ ಹೊಸ ಬಗೆಯ ಸಿಮೆಂಟನ್ನು ಸ್ವಿಟ್ಜರ್ಲೆಂಡಿನ ಲೋಸಾನ್ ಸಂಸ್ಥೆ ಮತ್ತು ದೆಹಲಿ ಐಐಟಿಯ ವಿಜ್ಞಾನಿಗಳು ಜೊತೆಯಾಗಿ ಬೆಳೆಸಿದ್ದಾರೆ. ಮೇಲ್ದರ್ಜೆಯಲ್ಲದ ಸುಣ್ಣಕಲ್ಲು ಅದಕ್ಕೆ ನಡೆಯುತ್ತದೆ. ಬೇಲಿಯಿಲ್ಲದ ಹಳೆಯ ಗುಂಡಿಗಳು ಮಳೆಗಾಲದಲ್ಲಿ ತುಂಬಿ ಈಜಲು ಇಳಿದ ಹುಡುಗರ ಜೀವ ತೆಗೆಯುತ್ತವೆ. ಅಂಚಿಗೆ ಪಂಜರಗಲ್ಲಿನ ತಡೆಗೋಡೆ, ಒಂದು ಬದಿಗೆ ಇಳಿಜಾರು ಮಾಡಿದರೆ ಅದೇ ಗುಂಡಿ ತೊಗರಿಗೆ ನೀರುಣಿಸುವ ಕೆರೆಯಾಗುತ್ತದೆ.

ಇದಕ್ಕೆಲ್ಲ ಹಣ ಹುಡುಕಿಕೊಂಡು ದೂರ ಹೋಗಬೇಕಿಲ್ಲ. 2015ರ ಗಣಿ ಕಾಯ್ದೆ ತಿದ್ದುಪಡಿಯ ಪ್ರಕಾರ ಗಣಿಗಾರಿಕೆಯಿಂದ ಬಾಧಿತವಾದ ಊರುಗಳಿಗೆಂದೇ ಜಿಲ್ಲಾ ಖನಿಜ ಪ್ರತಿಷ್ಠಾನವಿದೆ. ಶಾಲೆ, ಅಂಗನವಾಡಿ ಕಟ್ಟಲು ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯಿದೆ. ರಾವೂರ, ವಾಡಿ, ಶಹಾಬಾದ್ ಸುತ್ತಿನ ಮುಂದಿನ ಕಟ್ಟಡಗಳ ಅಂದಾಜುಪಟ್ಟಿ ಬರೆಯುವಾಗ ಗೋಡೆಯ ಸಾಲಿನಲ್ಲಿ ಸಿಮೆಂಟ್ ಇಟ್ಟಿಗೆಯ ಜಾಗಕ್ಕೆ ಗಣಿಯ ಒರಟು ಕಲ್ಲನ್ನು, ಭೂಕಂಪದ ಪಟ್ಟಿಯ ಸಮೇತ ಸೇರಿಸುವಂತೆ ಗ್ರಾಮಸಭೆಗಳು ಠರಾವು ಮಾಡಬಹುದು. ಮೊದಲ ಕಟ್ಟಡ ಒಂದು ಅಂಗನವಾಡಿಯಾಗಲಿ. ಮೇ ತಿಂಗಳ ಮಧ್ಯಾಹ್ನ ಅದರೊಳಗೊಂದು ಉಷ್ಣಮಾಪಕ, ಪಕ್ಕದ ಆರ್‌ಸಿಸಿ ಕೋಣೆಯಲ್ಲೊಂದು ಇಟ್ಟು, ಎರಡರ ಅಂಕಿಯನ್ನೂ ಪಂಚಾಯಿತಿ ಗೋಡೆಯ ಮೇಲೆ ದಿನಾ ಬರೆಯಲಿ.